ನಾಣ್ಯ ಹಿಡಿದು ದೋಸೆ ಮಗುಚುವ ಹಬ್ಬ

ಒಂದು ಕೈಯಲ್ಲಿ ನಾಣ್ಯ, ಇನ್ನೊಂದರಲ್ಲಿ ಕಾವಲಿಯ ಹಿಡಿ. ಚಿಮ್ಮಿದ ದೋಸೆ ಗಾಳಿಯಲ್ಲೇ ಮಗುಚಿ ಮತ್ತೆ ಕಾವಲಿಗೇ ಬಿದ್ದರೆ ವರ್ಷವಿಡೀ ದುಡ್ಡಿಗೆ ತಾಪತ್ರಯವಿಲ್ಲ ಎಂಬ ನಂಬಿಕೆ. ನೆಲಕ್ಕೆ ಬಿದ್ದರೆ ಮನೆಮಂದಿಗೆಲ್ಲ ನಗು!

ಇದು ಫೆಬ್ರವರಿ 2ರಂದು ಫ್ರಾನ್ಸಿನ ಅಡುಗೆಮನೆಗಳಲ್ಲಿ ಕಾಣುವ ನೋಟ. ಕ್ರಿಸ್‌ಮಸ್‌ನಿಂದ ಎಣಿಸಿದರೆ ಅದು 40ನೇ ದಿನ. ಬಾಲಯೇಸುವನ್ನು ಜೆರುಸಲೇಮಿನ ದೇವಾಲಯಕ್ಕೆ ಒಯ್ದ ನೆನಪಿಗೆ ಚರ್ಚುಗಳಲ್ಲಿ ಮೇಣದ ಬತ್ತಿ ಹಚ್ಚುತ್ತಾರೆ. 'ಶಾಂದ್‌ಲರ್' ಎಂಬ ಹಬ್ಬದ ಹೆಸರು ಬಂದಿದ್ದೂ ಮೇಣದ ಬತ್ತಿಯಿಂದಲೇ. ಮನೆಯಲ್ಲಿ ಮಾತ್ರ ಅಂದು 'ಕ್ರೆಪ್' ಎಂಬ ತೆಳು ದೋಸೆಯದ್ದೇ ಕಾರುಬಾರು. ಹೊಂಬಣ್ಣದ ಆ ದುಂಡು ದೋಸೆ, ಚಳಿ ಕಳೆದು ಮರಳುವ ಸೂರ್ಯನ ಗುರುತು ಎನ್ನುವವರಿದ್ದಾರೆ.

ಹಿಟ್ಟಿಗೆ ವಿಶ್ರಾಂತಿ

ಕಾಸರಗೋಡು ಕಡೆಯ ತೆಳ್ಳವು ಗೊತ್ತಿದ್ದವರಿಗೆ ಕ್ರೆಪ್ ಅಪರಿಚಿತವೆನಿಸದು. ಆದರೆ ಇಲ್ಲಿ ನೆನೆಸಿ ರುಬ್ಬಿದ ಅಕ್ಕಿಯಿಲ್ಲ. 250 ಗ್ರಾಂ ಮೈದಾ, 4 ಮೊಟ್ಟೆ, ಅರ್ಧ ಲೀಟರ್ ಹಾಲು, ಕರಗಿಸಿದ ಬೆಣ್ಣೆ 50 ಗ್ರಾಂ, ಚಿಟಿಕೆ ಉಪ್ಪು. ಗಂಟಿಲ್ಲದಂತೆ ಕಲಸಿ ಒಂದು ತಾಸು ಬಿಡಬೇಕು. ಆಗ ಮೈದಾದ ಜಿಗುಟು ಸಡಿಲಾಗುತ್ತದೆ. ಅವಸರ ಮಾಡಿದರೆ ಕ್ರೆಪ್ ರಬ್ಬರಿನಂತೆ ಎಳೆಯುತ್ತದೆ.

ಬೆಣ್ಣೆ ಸವರಿದ ಬಿಸಿ ಕಾವಲಿಗೆ ಒಂದು ಸೌಟು ಹೊಯ್ದು ಕೂಡಲೇ ಕಾವಲಿಯನ್ನು ಓರೆಮಾಡಿ ಸುತ್ತ ಹರಿಸಬೇಕು. ಅಂಚು ಕೆಂಪಗಾದಾಗ ಮಗುಚಬೇಕು. ತೆಳ್ಳವಿನಂತೆ ಮುಚ್ಚಿ ಬೇಯಿಸುವುದಿಲ್ಲ. ಮೊದಲನೆಯದು ಹರಿದುಹೋಗುವುದು ಅಲ್ಲೂ ಮಾಮೂಲು. ಕಾವಲಿಯ ಕಾವು ಹದವಾಗಬೇಕಲ್ಲ!

ಒಲೆಯ ಬಳಿಯ ಭಾಷೆ

ಕ್ರೆಪ್‌ನ ತವರು ಫ್ರಾನ್ಸಿನ ಪಶ್ಚಿಮದ ಬ್ರಿಟನಿ. ಗೋಧಿ ಸರಿಯಾಗಿ ಬಾರದ ಬಡ ಮಣ್ಣಿನಲ್ಲಿ ಅಲ್ಲಿಯವರು ಬಕ್‌ವೀಟ್ ಎಂಬ ಕಪ್ಪು ಕಾಳು ಬೆಳೆದು, ಅದರ ಹಿಟ್ಟಿಗೆ ನೀರು, ಉಪ್ಪು ಹಾಕಿ 'ಗಲೆಟ್' ಹೊಯ್ದುಕೊಂಡರು. ಅಲ್ಲಿನ ಅಗಲವಾದ ಚಪ್ಪಟೆ ಕಾವಲಿಗೆ 'ಬಿಲಿಗ್', ಹಿಟ್ಟು ಹರಡುವ ಮರದ ಸಾಧನಕ್ಕೆ 'ರೊಜೆಲ್' ಎಂದು ಹೆಸರು. ಇವು ಫ್ರೆಂಚ್ ಶಬ್ದಗಳಲ್ಲ, ಅಲ್ಲಿನ ಜನರ ಬ್ರೆಟನ್ ಭಾಷೆಯವು. ಆ ಭಾಷೆ ಆಡಿದ ಮಕ್ಕಳಿಗೆ ಶಾಲೆಯಲ್ಲಿ ಶಿಕ್ಷೆ ಕೊಡುತ್ತಿದ್ದ ಕಾಲವೊಂದಿತ್ತು. 1977ರಿಂದ 'ದಿವಾನ್' ಶಾಲೆಗಳು ಬ್ರೆಟನ್‌ನಲ್ಲೇ ಪಾಠ ಹೇಳುತ್ತಿವೆ. ಆದರೂ ಯುನೆಸ್ಕೊದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಅದಿದೆ.

ಕೆಲಸ ಅರಸಿ ರೈಲು ಹತ್ತಿದ ಬ್ರಿಟನಿಯವರು ಇಳಿಯುತ್ತಿದ್ದದ್ದು ಪ್ಯಾರಿಸಿನ ಮೊಂಪಾರ್ನಾಸ್ ನಿಲ್ದಾಣದಲ್ಲಿ. ಇಂದಿಗೂ ಅದರ ಆಸುಪಾಸಿನಲ್ಲಿ ಸಾಲುಸಾಲು ಕ್ರೆಪ್ ಅಂಗಡಿಗಳಿವೆ. ಬ್ರೆಟನ್‌ನ ಒಂದು ಮಾತೂ ಬಾರದವರು ಕೂಡ ಅಲ್ಲಿ ಹಿಟ್ಟು ಹರಡಲು ಕಲಿಯುವಾಗ ಕೈಗೆತ್ತಿಕೊಳ್ಳುವುದು 'ರೊಜೆಲ್' ಅನ್ನೇ.