ಹೊಸತು–ಹಳತನ್ನು ಹೇಳುವ ಮಾತುಗಳು: ‘ಮಾಡರ್ನ್’, ‘ಹೈಬ್ರಿಡ್’, ‘ಜವಾರಿ’

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಶಬ್ದಗಳಲ್ಲಿ ವಸ್ತುಗಳ ಹೆಸರುಗಳೇ ಹೆಚ್ಚು. ಬಸ್ಸು ಬಂದಾಗ ‘ಬಸ್ಸು’ ಎಂಬ ಹೆಸರೂ ಬಂದಿತು, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ‘ಮಾಡರ್ನ್’, ‘ಓಲ್ಡ್ ಫ್ಯಾಷನ್’, ‘ಔಟ್‌ಡೇಟೆಡ್’ ಎಂಬ ಗುಣವಾಚಕಗಳು ಬಂದುದೇಕೆಂಬುದು ವಿಚಾರಾರ್ಹ. ‘ಹೊಸ’, ‘ಹಳೆ’ ಎಂಬ ಅಚ್ಚಗನ್ನಡದ ಮಾತುಗಳು ನಮ್ಮಲ್ಲಿ ಇದ್ದೇ ಇದ್ದುವಷ್ಟೆ.

‘ಹೊಸ’, ‘ಹಳೆ’ಗಳು ಮುಖ್ಯವಾಗಿ ವಯಸ್ಸನ್ನು ಹೇಳುತ್ತವೆ, ತೀರ್ಪು ಕೊಡುವುದಿಲ್ಲ. ಹಳಗನ್ನಡವೆಂದರೆ ಕೀಳು ಕನ್ನಡವಲ್ಲ. ಹಳೆಯ ಅಕ್ಕಿಗೆ ಅಂಗಡಿಯಲ್ಲಿ ಬೆಲೆ ಹೆಚ್ಚು. ಹಳತನ್ನು ಹಳಿಯಬೇಕಾದಾಗ ‘ಓಬೀರಾಯನ ಕಾಲದ್ದು’ ಎಂಬಂಥ ಬೇರೆ ನುಡಿಗಟ್ಟು ಬೇಕಾಗುತ್ತದೆ. ‘ಮಾಡರ್ನ್’ ಶಬ್ದವಾದರೋ ಕಾಲವನ್ನೂ ತೀರ್ಪನ್ನೂ ಒಟ್ಟಿಗೆ ಹೊತ್ತು ಬಂದಿತು. ಅದರ ಮೂಲವಾದ ಲ್ಯಾಟಿನ್ ‘ಮೋದೋ’ ಎಂಬುದಕ್ಕೆ ‘ಈಗತಾನೆ’ ಎಂದರ್ಥ. ನಮ್ಮ ‘ಆಧುನಿಕ’ವೂ ‘ಈಗ’ ಎಂಬರ್ಥದ ಸಂಸ್ಕೃತ ‘ಅಧುನಾ’ದಿಂದಲೇ ಹುಟ್ಟಿದುದು. ಹುಟ್ಟಿನಲ್ಲಿ ಇವೆರಡೂ ಅವಳಿಗಳಾದರೂ ‘ಆಧುನಿಕ’ವು ಬರವಣಿಗೆಯಲ್ಲಿ ಉಳಿದುಕೊಂಡಿತು, ‘ಮಾಡರ್ನ್’ ಬಾಯಿಮಾತಿಗೆ ಇಳಿಯಿತು. ಉಡುಗೆ ತೊಡುಗೆಯ ವಿಷಯದಲ್ಲಿ ಅದು ಮೆಚ್ಚುಗೆಯೋ ಕೊಂಕೋ ಎಂಬುದನ್ನು ಆಡುವವರ ದನಿಯಿಂದಲೇ ತಿಳಿಯಬೇಕು.

ಇದಕ್ಕಿಂತ ಸ್ವಾರಸ್ಯವಾದ ಜೋಡಿಯೊಂದು ಹೊಲದಲ್ಲಿ ಬೆಳೆದಿದೆ. ತಂಬ್ರಹಳ್ಳಿಯ ಸುತ್ತಣ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹಡಗಲಿ ಸೀಮೆ 1953ರವರೆಗೆ ಮದ್ರಾಸು ರಾಜ್ಯದಲ್ಲಿದ್ದು, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಇದು ಜೋಳದ ನಾಡು. ಭಾರತದ ಮೊದಲ ಸಂಕರಣ ಜೋಳವಾದ ಸಿಎಸ್‌ಎಚ್-1 ಬಿಡುಗಡೆಯಾದುದು 1964ರಲ್ಲಿ. ಇಂಥ ತಳಿಗಳೊಡನೆ ‘ಹೈಬ್ರಿಡ್’ ಎಂಬ ಮಾತು ರೈತರ ನಾಲಗೆಗೆ ಬಂದಿತು. ಅದಕ್ಕೆ ಎದುರಾಗಿ ಹಿಂದಿನಿಂದ ಬಂದ ತಳಿ ‘ಜವಾರಿ’ ಎನಿಸಿಕೊಂಡಿತು. ಹಳೆ ಮೈಸೂರಿನ ಕಡೆ ಈ ಕೆಲಸವನ್ನು ‘ನಾಟಿ’ ಎಂಬ ಮಾತು ಮಾಡುತ್ತದೆ. ಕೋಳಿಯ ವಿಷಯಕ್ಕೆ ಬಂದರೆ ಅದರ ಎದುರಾಳಿ ‘ಫಾರಂ’.

ಮೊದಲಲ್ಲಿ ‘ಹೈಬ್ರಿಡ್’ ಎಂಬುದು ಹೆಚ್ಚು ಇಳುವರಿಯ ಹೆಸರು. ಆದರೆ ಅದರ ದಂಟು ಗಿಡ್ಡ. ಆದುದರಿಂದ ದನಗಳಿಗೆ ಸೊಪ್ಪೆ ಕಡಿಮೆ. ಅಲ್ಲದೆ ಅದರ ಕಾಳನ್ನು ಮತ್ತೆ ಬಿತ್ತಿದರೆ ಪೈರು ಒಂದೇ ಸಮನಾಗಿ ಬಾರದು. ವರ್ಷವರ್ಷವೂ ಬೀಜವನ್ನು ಕೊಳ್ಳಲೇಬೇಕು. ಜವಾರಿ ಬೀಜವಾದರೆ ಮನೆಯಲ್ಲಿಯೇ ಎತ್ತಿಟ್ಟದ್ದು ಸಾಕು. ಈಚೆಗೆ ಈ ಮಾತುಗಳ ಬೆಲೆ ತಿರುಗಿಬಿದ್ದಿದೆ. ಜವಾರಿ ಕೋಳಿ, ಜವಾರಿ ಟೊಮೆಟೊ ಎಂದರೆ ರುಚಿಯ ಹೊಗಳಿಕೆ. ಜವಾರಿ ಮಾತೆಂದರೆ ನೇರವಾದ ಮಾತು. ‘ಹೈಬ್ರಿಡ್’ ಎಂಬುದು ಗಟ್ಟಿತನವಿಲ್ಲದವರನ್ನು ಹಾಸ್ಯಮಾಡುವ ಮಾತೂ ಆಗಿದೆ.

ಕೃಷಿಯ ಕರಪತ್ರಗಳು ‘ಸುಧಾರಿತ ತಳಿ’, ‘ಸ್ಥಳೀಯ ತಳಿ’ ಎಂದು ಬರೆಯುತ್ತವೆ. ಮೊದಲನೆಯದರಲ್ಲಿ ತೀರ್ಪು ಮುಂಚೆಯೇ ಅಡಗಿದೆ. ಎರಡನೆಯದು ಬರಿಯ ಸ್ಥಳವನ್ನು ಸೂಚಿಸುತ್ತದೆ. ಈ ಬೀಜವನ್ನು ಬರುವ ವರ್ಷಕ್ಕೆ ಎತ್ತಿಡಬಹುದೇ ಎಂಬ ರೈತನ ಪ್ರಶ್ನೆಗೆ ಇವೆರಡರಲ್ಲಿಯೂ ಉತ್ತರವಿಲ್ಲ. ‘ಜವಾರಿ’, ‘ಹೈಬ್ರಿಡ್’ ಎಂಬಲ್ಲಿ ಅದು ಒಂದೇ ಮಾತಿನಲ್ಲಿ ದೊರೆಯುತ್ತದೆ.