ಕ್ರಿಕೆಟ್ ತಂಡವನ್ನು ಎಐ ಆರಿಸಲಿ ಎನ್ನುವ ಮೊದಲು…

2025ರ ಆಗಸ್ಟ್ 28. ಮೈಸೂರಿನಲ್ಲಿ ಮಹಾರಾಜ ಟ್ರೋಫಿ ಫೈನಲ್. ಹುಬ್ಬಳ್ಳಿ ಟೈಗರ್ಸ್ 154 ರನ್ ಗಳಿಸಿತ್ತು. ಮಂಗಳೂರು ಡ್ರ್ಯಾಗನ್ಸ್ 10.4 ಓವರ್‌ಗಳಲ್ಲಿ 2 ವಿಕೆಟ್‌ಗೆ 85 ರನ್ ಮಾಡಿದ್ದಾಗ ಮಳೆ ಬಂತು, ಆಟ ನಿಂತಿತು. ವಿಜೆಡಿ ಲೆಕ್ಕದಂತೆ ಮಂಗಳೂರಿಗೆ 14 ರನ್ ಗೆಲುವು. ‘ಕಪ್ ಯಾರಿಗೆ ಅಂತ ಕಂಪ್ಯೂಟರೇ ಹೇಳಿದ ಮೇಲೆ ತಂಡವನ್ನೂ ಎಐ ಆರಿಸಲಿ ಬಿಡಿ’ ಎಂದು ಯಾರಾದರೂ ನಿಮಗೆ ಫಾರ್ವರ್ಡ್ ಕಳಿಸಿದರೆ, ಮುಂದೆ ತಳ್ಳುವ ಮೊದಲು ಸ್ವಲ್ಪ ನಿಲ್ಲಿ.

ವಿಜೆಡಿ ಎಐ ಅಲ್ಲ. ಕೇರಳದ ಎಂಜಿನಿಯರ್ ವಿ. ಜಯದೇವನ್ ರೂಪಿಸಿದ ಗಣಿತ ಸೂತ್ರ ಅದು. ಎಷ್ಟು ಓವರ್ ಉಳಿದಿವೆ, ಎಷ್ಟು ವಿಕೆಟ್ ಬಿದ್ದಿವೆ ಎಂದು ನೋಡಿ, ಆ ಹೊತ್ತಿಗೆ ಎಷ್ಟು ರನ್ ಆಗಿರಬೇಕಿತ್ತು ಎಂದು ಹೇಳುತ್ತದೆ. ಅವತ್ತು ಬರಬೇಕಿದ್ದದ್ದು 71. ಸೂತ್ರ ಬಿಟ್ಟು ಬರೀ ಸರಾಸರಿ ಹಿಡಿದರೂ, ಅಂದರೆ ಓವರಿಗೆ 7.7ರಂತೆ, ಸುಮಾರು 82 ಆಗುತ್ತದೆ. ಹುಬ್ಬಳ್ಳಿಯವರಿಗೆ ಬೇಸರದ ಮಾತೇ, ಆದರೆ ಎರಡರಲ್ಲೂ ಮಂಗಳೂರೇ ಮುಂದೆ. ಈ ಸೂತ್ರ ಪಂದ್ಯಕ್ಕೆ ಮೊದಲೇ ನಿಗದಿಯಾಗಿರುತ್ತದೆ, ಎರಡೂ ತಂಡಕ್ಕೆ ಒಂದೇ. ಆಟಗಾರ ಯಾರು, ಯಾವ ಊರಿನವ ಎಂದು ಅದು ಕೇಳುವುದೇ ಇಲ್ಲ.

ತಂಡ ಆರಿಸುವ ಎಐ ಹಾಗಲ್ಲ. ಹಳೆಯ ಪಂದ್ಯಗಳ ದಾಖಲೆ ನೋಡಿ, ಮುಂದೆ ಯಾರು ಚೆನ್ನಾಗಿ ಆಡಬಹುದು ಎಂದು ಊಹಿಸುತ್ತದೆ. ದಾಖಲೆ ಇದ್ದವರ ಬಗ್ಗೆ ಈ ಊಹೆ ಬಹಳ ಸಲ ಉಪಯೋಗಕ್ಕೆ ಬರುತ್ತದೆ. ದಾಖಲೆಯೇ ಇಲ್ಲದವರ ಕಥೆ? ಐಪಿಎಲ್‌ನ ಪ್ರತಿ ಎಸೆತವೂ ಕಂಪ್ಯೂಟರಿನಲ್ಲಿದೆ. ನಮ್ಮ ಶಾಲಾ ಮೈದಾನದ, ಟೆನಿಸ್ ಬಾಲ್ ಟೂರ್ನಿಯ ಎಸೆತಗಳನ್ನು ಬರೆದಿಟ್ಟವರು ಯಾರು?

ಗದಗಿನ ಸುನಿಲ್ ಜೋಶಿ ಅವರನ್ನೇ ನೋಡಿ. ಹುಡುಗನಾಗಿದ್ದಾಗ ಬೆಳಿಗ್ಗೆ ಅಭ್ಯಾಸಕ್ಕೆಂದು ಹುಬ್ಬಳ್ಳಿಗೆ ಬಂದು, ಶಾಲೆಗೆ ಮತ್ತೆ ಗದಗಿಗೆ ಹೋಗುತ್ತಿದ್ದರು. ಅದೇ ಹುಡುಗ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ಗಳಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ಆ ಮುಂಜಾನೆಯ ಪ್ರಯಾಣ ಯಾವ ಸ್ಕೋರ್‌ಕಾರ್ಡ್‌ನಲ್ಲೂ ಸಿಗುವುದಿಲ್ಲ. ಮೈದಾನಕ್ಕೆ ಬಂದು ನೋಡಿದವರಿಗೆ ಸಿಗುತ್ತದೆ.

ಮನುಷ್ಯ ಆಯ್ಕೆದಾರರು ಸಾಚಾ ಎಂದು ನಾವು ಹೇಳುತ್ತಿಲ್ಲ. ‘ನಮ್ಮವರು, ತಮ್ಮವರು’ ಎಲ್ಲ ಕಡೆ ಇದ್ದದ್ದೇ. ಆದರೆ ಯಾಕೆ ಬಿಟ್ಟಿರಿ ಎಂದು ಅವರನ್ನು ಕೇಳಬಹುದು. ಎಐ ತಪ್ಪು ಮಾಡಿದರೆ ತಂಡದವರು ಅದರತ್ತ ಬೆರಳು ತೋರಿಸಿ ಸುಮ್ಮನಾಗಿಬಿಡಬಹುದು. ವೇಗದ ಬೌಲರ್ ಎಷ್ಟು ಓವರ್ ಹಾಕಿ ದಣಿದಿದ್ದಾನೆ, ಯಾವ ಬ್ಯಾಟರ್‌ಗೆ ಎಡಗೈ ಸ್ಪಿನ್ ಕಷ್ಟ ಎಂಬಂಥ ಲೆಕ್ಕ ಎಐ ಕೊಡಲಿ, ಕೋಚ್ ಅದನ್ನು ನೋಡಲಿ. ಹನ್ನೊಂದು ಹೆಸರು ಬರೆದು ಸಹಿ ಹಾಕುವವರು ಮನುಷ್ಯರೇ ಆಗಿರಬೇಕು ಎಂಬುದು ನಮ್ಮ ಅಭಿಪ್ರಾಯ.

ಇಡೀ ಪಂದ್ಯವನ್ನೇ ಎಐಗೆ ಒಪ್ಪಿಸಿದವರೂ ಇದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಓಕ್ಲ್ಯಾಂಡ್ ಬಾಲರ್ಸ್ ಹೀಗೆ ಮಾಡಿತು. ಯಾರು ಆಡಬೇಕು, ಯಾವಾಗ ಬದಲಾಗಬೇಕು ಎಂದು ಟ್ಯಾಬ್ಲೆಟ್ ಹೇಳಿದಂತೆ ಮ್ಯಾನೇಜರ್ ಮಾಡಿದರು, ಹೆಚ್ಚಿನವು ಅವರೇ ತೆಗೆದುಕೊಳ್ಳುತ್ತಿದ್ದಂಥ ನಿರ್ಧಾರಗಳೇ. ಒಂದು ಕಡೆ ಮಾತ್ರ ಎಐ ಮಾತು ಮೀರಬೇಕಾಯಿತು: ಕ್ಯಾಚರ್‌ಗೆ ಹುಷಾರಿರಲಿಲ್ಲ.