ಪರದೆಯ ಮೇಲಿನ ಆಸಾಮಿ

ಮುದ್ದೆಮಾಲಿನ ಲಕೋಟೆ ಒಡೆಯುವ ಹೊತ್ತಿಗೆ ಕೋರ್ಟ್ ಹಾಲಿನಲ್ಲಿ ತೂಕಡಿಸುತ್ತಿದ್ದವರೂ ಕತ್ತೆತ್ತುತ್ತಾರೆ. ಬೆಂಗಳೂರಿನ ಸೆಷನ್ಸ್ ನ್ಯಾಯಾಲಯಗಳಲ್ಲಿ ಈಗ ಇದು ದಿನನಿತ್ಯದ ನೋಟ. ಕಂದು ಲಕೋಟೆ, ಅರಗಿನ ಮುದ್ರೆ, ಪಂಚರ ಸಹಿ ಇರುವ ಚೀಟಿ. ಬೆಂಚ್ ಕ್ಲರ್ಕ್ ಅಂಚು ಕತ್ತರಿಸಿ ಕೊಡವಿದರೆ ಮೇಜಿನ ಮೇಲೆ ಬೀಳುವುದು ಸಿಸಿಟಿವಿ ದೃಶ್ಯ ತುಂಬಿದ, ಬೆರಳುದ್ದದ ಒಂದು ಪೆನ್‌ಡ್ರೈವ್. ಮಚ್ಚು, ರಕ್ತದ ಅಂಗಿ ಹೊರಬಂದಾಗ ಆಗುವ ಕಸಿವಿಸಿ ಇಲ್ಲಿಲ್ಲ. ಕುತೂಹಲ ಮಾತ್ರ ಜಾಸ್ತಿ.

ಆಮೇಲೆ ಶುರು ಪರದಾಟ. ಡಿವಿಆರ್ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆ) ಕಂಪನಿಯದೇ ಪ್ಲೇಯರ್ ಇಲ್ಲದೆ ಫೈಲು ತೆರೆಯುವುದಿಲ್ಲ. ತೆರೆದರೂ ಲ್ಯಾಪ್‌ಟಾಪನ್ನು ಯಾರ ಕಡೆ ತಿರುಗಿಸುವುದು? ಜಡ್ಜ್ ಕಡೆ ತಿರುಗಿಸಿದರೆ ಆರೋಪಿ ಪರ ವಕೀಲರಿಗೆ ಕಾಣದು, ವಕೀಲರ ಕಡೆ ತಿರುಗಿಸಿದರೆ ಕಟಕಟೆಯಲ್ಲಿರುವ ಸಾಕ್ಷಿಗೆ ಕಾಣದು. ಕಿಟಕಿಯ ಬಿಸಿಲು ಬೇರೆ ನೇರ ಪರದೆಗೇ ಹೊಡೆಯುತ್ತದೆ. ಯಾರೋ ಎದ್ದು ಕಿಟಕಿ ಹಾಕುತ್ತಾರೆ. ಚಿತ್ರ ಓಡುತ್ತದೆ.

ರಾತ್ರಿಯ ಬೀದಿ, ಮುಚ್ಚಿದ ಅಂಗಡಿ ಬಾಗಿಲು. ಮೂಲೆಯಲ್ಲಿ ದಿನಾಂಕ, ಗಂಟೆ. ಅದನ್ನೂ ನಂಬುವ ಹಾಗಿಲ್ಲ. ಡಿವಿಆರ್ ಗಡಿಯಾರ ಎಷ್ಟು ಹಿಂದಿದೆ, ಎಷ್ಟು ಮುಂದಿದೆ ಎಂಬುದನ್ನು ಜಾಣ ತನಿಖಾಧಿಕಾರಿ ಮಹಜರಿನಲ್ಲೇ ಬರೆಸಿರುತ್ತಾನೆ. ಎಡಗಡೆಯಿಂದ ಒಬ್ಬ ಬೂದು ಬಣ್ಣದ ಆಸಾಮಿ ಬರುತ್ತಾನೆ. ಎರಡು ಹೆಜ್ಜೆ ಕಾಣುತ್ತದೆ, ಮೂರನೆಯದು ಮಾಯ, ನಾಲ್ಕನೆಯದಕ್ಕೆ ಆತ ಆಗಲೇ ಕಂಬ ದಾಟಿದ್ದಾನೆ. ಸೆಕೆಂಡಿಗೆ ಕೆಲವೇ ಚಿತ್ರ ಹಿಡಿಯುವ ಕ್ಯಾಮೆರಾ ಅದು. ಇನ್‌ಫ್ರಾರೆಡ್ ಬೆಳಕಿನಲ್ಲಿ ಕಪ್ಪು ಅಂಗಿಯೂ ಬಿಳುಚಿಕೊಂಡು ಕಾಣುವುದುಂಟು. ಅಗಲ ನೋಟದ ಲೆನ್ಸು ಅಂಚಿನಲ್ಲಿದ್ದವರ ಮೈಯನ್ನು ಎಳೆದು ಸೊಟ್ಟಗೆ ಮಾಡುತ್ತದೆ. ಇನ್ನು ಮುಖವೋ, ಕಣ್ಣಿರಬೇಕಾದ ಜಾಗದಲ್ಲಿ ಎರಡು ಕಪ್ಪು ಚೌಕ. ಹಿಗ್ಗಿಸಿದರೆ ಚೌಕವೂ ಹಿಗ್ಗುತ್ತದೆ, ಅಷ್ಟೆ.

“ಪರದೇಲಿರೋನು ಈ ಆರೋಪೀನೇ ಏನ್ರೀ?” ಸರ್ಕಾರಿ ವಕೀಲರ ಪ್ರಶ್ನೆ. ಸಾಕ್ಷಿ ಪರದೆ ನೋಡುತ್ತಾನೆ, ಆರೋಪಿಯನ್ನು ನೋಡುತ್ತಾನೆ, ಮತ್ತೆ ಪರದೆ ನೋಡುತ್ತಾನೆ. “ಹಂಗೇ ಕಾಣ್ತಾನೆ ಸ್ವಾಮಿ.” ಎದುರು ವಕೀಲರು ಧಡಕ್ಕನೆ ಎದ್ದು, ಆ ಮಾತು ಹಾಗೇ ದಾಖಲಾಗಲಿ ಎನ್ನುತ್ತಾರೆ.

ಮುಖ ಸ್ಪಷ್ಟವಾಗಿದ್ದರೂ ಕೆಲಸ ಸಲೀಸೆಂದು ತಿಳಿಯಬೇಡಿ. 2013ರ ನವೆಂಬರ್ 19ರ ಬೆಳಗ್ಗೆ ಕಾರ್ಪೊರೇಷನ್ ವೃತ್ತದ ಎಟಿಎಂಗೆ ಹೋದ ಮಹಿಳೆಯ ಹಿಂದೆಯೇ ನುಗ್ಗಿದವನು ಷಟರ್ ಎಳೆದು, ಚೀಲದಿಂದ ಮಚ್ಚು ತೆಗೆದದ್ದನ್ನು ಇಡೀ ದೇಶ ಟೀವಿಯಲ್ಲಿ ನೋಡಿತು. ಮುಖ ಎಲ್ಲರಿಗೂ ಬಾಯಿಪಾಠವಾಗಿತ್ತು. ಆದರೂ ಆತ ಮದನಪಲ್ಲಿಯಲ್ಲಿ ಸಿಕ್ಕಿದ್ದು 2017ರಲ್ಲಿ. ಹತ್ತು ವರ್ಷದ ಸಜೆಯಾದದ್ದು 2021ರಲ್ಲಿ.

ಮುಖದ ಮಾತು ಹೀಗಿದ್ದರೂ ನಮ್ಮ ಕೋರ್ಟುಗಳಲ್ಲಿ ಜಗಳವೆಲ್ಲ ವಿಡಿಯೊ ಜೊತೆ ಕೊಡುವ ಪ್ರಮಾಣಪತ್ರದ ಸುತ್ತ. ಸುಪ್ರೀಂ ಕೋರ್ಟಿನ 2014ರ ಅನ್ವರ್ ತೀರ್ಪು, 2020ರ ಖೋಟ್ಕರ್ ತೀರ್ಪು ಎರಡೂ ಹೇಳಿದ್ದು ಒಂದೇ: ಮೂಲ ಸಾಧನವನ್ನೇ ತಂದೊಪ್ಪಿಸದೆ ನಕಲು ಹಾಜರುಪಡಿಸುವುದಾದರೆ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಪ್ರಮಾಣಪತ್ರ ಬೇಕೇ ಬೇಕು. 2024ರ ಜುಲೈ 1ರಿಂದ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಾಗಿ, ಎರಡು ಭಾಗದ ನಮೂನೆಯಾಗಿ, ಹ್ಯಾಷ್ ಸಂಖ್ಯೆ ಸಮೇತ ಬಂದಿದೆ. ಒಳ್ಳೆಯದೇ. ಫೈಲು ತಿದ್ದಿಲ್ಲವೆಂದು ನಂಬಲು ಆಧಾರವಾಯಿತು. ಅದರಲ್ಲಿರುವವನು ಯಾರು ಎಂಬುದನ್ನು ಹ್ಯಾಷ್ ಹೇಳುವುದಿಲ್ಲ.

ಅದನ್ನು ಹೇಳಲು ತಜ್ಞರು ಬರುತ್ತಾರೆ. ಅವರ ವರದಿಯಲ್ಲಿ ಎರಡು ಚಿತ್ರ ಪಕ್ಕಪಕ್ಕ, ಮೇಲೆ ಬಾಣದ ಗುರುತು: ಕಿವಿಯ ತಿರುವು, ಹುಬ್ಬಿನ ಮೇಲಿನ ಗಾಯದ ಕಲೆ, ಮೂಗಿನ ಬುಡ. ಕಲೆ, ಮಚ್ಚೆಯಂಥ ಗುರುತು ನಿಚ್ಚಳವಾಗಿ ಕಂಡರೆ ಈ ಕೆಲಸಕ್ಕೆ ಬೆಲೆಯಿದೆ. ಮುಖವೇ ಕಾಣದಿದ್ದರೆ? 2017ರ ಸೆಪ್ಟೆಂಬರ್ 5ರಂದು ರಾಜರಾಜೇಶ್ವರಿನಗರದಲ್ಲಿ ಗೌರಿ ಲಂಕೇಶ್ ಅವರಿಗೆ ಗುಂಡಿಕ್ಕಿದವನು ಹೆಲ್ಮೆಟ್ ತೊಟ್ಟಿದ್ದ. ತನಿಖಾ ತಂಡ ನಡಿಗೆಯ ಹೋಲಿಕೆಗೆ ಗುಜರಾತಿನ ಪ್ರಯೋಗಾಲಯದ ಮೊರೆಹೋಯಿತು. ನಡಿಗೆ ಬೆರಳಚ್ಚಲ್ಲ, ಚಪ್ಪಲಿ ಬದಲಾದರೆ, ಹೆಗಲಿಗೆ ಹೊರೆ ಬಿದ್ದರೆ ಅದೂ ಬದಲಾಗುತ್ತದೆ. ಅಂಥ ವರದಿಯನ್ನು ತೂಗಬೇಕಾದವರು ನ್ಯಾಯಾಧೀಶರು.

ಹಾಗೆ ತೂಗಿದ್ದನ್ನು ನೋಡಬೇಕಾದರೆ ಸಿಡ್ನಿಗೆ ಹೋಗಬೇಕು. 2008ರಲ್ಲಿ ಅಲ್ಲಿನ ನ್ಯಾರಬೀನ್ ಎಂಬ ಕಡಲ ದಂಡೆಯ ಊರಿನ ಹೋಟೆಲಿನಲ್ಲಿ ದರೋಡೆಯಾಯಿತು. ಕೈಯಲ್ಲಿ ಸುತ್ತಿಗೆ ಹಿಡಿದವನೊಬ್ಬ ತಲೆ, ಮುಖ ಮುಚ್ಚುವಂತೆ ಬಟ್ಟೆ ಸುತ್ತಿಕೊಂಡಿದ್ದ. ಅಂಗರಚನಾಶಾಸ್ತ್ರದ ಪ್ರೊಫೆಸರೊಬ್ಬರು ಸಿಸಿಟಿವಿ ಚಿತ್ರ ನೋಡಿ ಸಾಕ್ಷ್ಯ ಹೇಳಿದರು: ಆಸಾಮಿ ತೆಳ್ಳಗಿನವ, ಬಲಗೈಯವ, ಸೊಂಟದ ಬಳಿ ಬೆನ್ನು ಒಳಕ್ಕೆ ಬಾಗಿದೆ, ಬಟ್ಟೆಯೊಳಗಿನ ತಲೆ ಉದ್ದನೆಯದು, ಆರೋಪಿಯ ಮೈಕಟ್ಟೂ ಹಾಗೇ ಇದೆ. ಕೇಳಲು ಘನವಾಗಿಯೇ ಇತ್ತು, ಶಿಕ್ಷೆಯೂ ಆಯಿತು.

2014ರ ಆಗಸ್ಟಿನಲ್ಲಿ ಆಸ್ಟ್ರೇಲಿಯಾದ ಹೈಕೋರ್ಟು (ಅಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ) ಆ ಸಾಕ್ಷ್ಯವನ್ನು ಒಮ್ಮತದಿಂದ ತಳ್ಳಿಹಾಕಿತು. ಪ್ರೊಫೆಸರರು ಹೇಳಿದ್ದು ಅಂಗರಚನೆಯ ವಿದ್ಯೆಯಿಂದ ಬಂದದ್ದಲ್ಲ, ಚಿತ್ರ ನೋಡಿ ಮೂಡಿದ ಅನಿಸಿಕೆ. ಅದಕ್ಕೆ ವಿಜ್ಞಾನದ ಉಡುಪು ತೊಡಿಸಿದಂತಾಯಿತು ಎಂಬುದು ತೀರ್ಪಿನ ತಿರುಳು. ಶಿಕ್ಷೆ ರದ್ದಾಗಿ ಮರುವಿಚಾರಣೆಗೆ ಆದೇಶವಾಯಿತು. ಸುತ್ತಿಗೆಯ ಮೇಲೆ ಡಿಎನ್‌ಎ ಸಿಕ್ಕಿತ್ತು. ಅಂಥ ಗಟ್ಟಿ ಸಾಕ್ಷ್ಯ ಕೈಯಲ್ಲಿದ್ದಾಗ ತಲೆಬುರುಡೆಯ ಆಕಾರದ ಹಂಗು ಯಾಕೆ ಬೇಕಿತ್ತೋ!

ನಮ್ಮ ವಕೀಲರಲ್ಲಿ ಒಂದು ಕೋರಿಕೆ. ತಜ್ಞರು ಕಟಕಟೆ ಹತ್ತಿದ ದಿನ ಅರಗು, ಸಹಿ, ಪ್ರಮಾಣಪತ್ರಕ್ಕೇ ಪಾಟೀಸವಾಲು ಮುಗಿಸಬೇಡಿ. ಆರೋಪಿಯ ಫೋಟೊ ಅವರ ಕೈಗೆ ಬಂದದ್ದು ಯಾವಾಗ, ವಿಡಿಯೊ ನೋಡುವುದಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿ. ಉತ್ತರ ಮೊದಲೇ ಗೊತ್ತಿರುವ ಪರೀಕ್ಷಾ ಚಿತ್ರಗಳಲ್ಲಿ ಅವರು ಎಷ್ಟು ಸಲ ತಪ್ಪಿದ್ದಾರೆ ಎಂದೂ ಕೇಳಿ. ಅದಕ್ಕೆ ಉತ್ತರವಿಲ್ಲದಿದ್ದರೆ, ಹಾಗೆಂದೇ ದಾಖಲಾಗಲಿ.